ಮೇಣ, ಪಾದರಸ, ರಾಳ: ಹಲ್ಲು ತುಂಬುವ ವಿದ್ಯೆಯಲ್ಲಿ ಅಂಚಿನ ಪ್ರಶ್ನೆ

ಪುಣೆಯಿಂದ ದಕ್ಷಿಣಕ್ಕೆ ಸುಮಾರು ೫೦ ಕಿಲೋಮೀಟರ್ ದೂರದಲ್ಲಿ, ಸಹ್ಯಾದ್ರಿಯ ತಪ್ಪಲಿನಲ್ಲಿರುವ ಭೋರ್ ಎಂಬ ಊರು ಬಹುಕಾಲ ಪಂತಸಚಿವರ ಸಂಸ್ಥಾನದ ರಾಜಧಾನಿಯಾಗಿದ್ದು, ೧೯೪೮ರಲ್ಲಿ ಸಂಸ್ಥಾನದೊಡನೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಊರಿಗೆ ಸಮೀಪದಲ್ಲಿ, ನೀರಾ ನದಿಯ ಉಪನದಿಯಾದ ಯೇಳವಂಡಿಗೆ ಅಡ್ಡಲಾಗಿ ನಿಂತಿರುವ ಭಾಟಘರದ ಅಣೆಕಟ್ಟು ೧೯೨೮ರಲ್ಲಿ ಪೂರ್ಣಗೊಂಡಿತು. ಮುಂಬಯಿಯ ಗವರ್ನರನಾಗಿದ್ದ ಲಾಯ್ಡನ ಹೆಸರನ್ನು ಅದಕ್ಕೆ ಇಡಲಾಗಿತ್ತು. ಕಲ್ಲಿನ ಕಟ್ಟಡದ ಅಣೆಕಟ್ಟೆಯನ್ನು ಕಾಯುವ ಎಂಜಿನಿಯರನು ಕಲ್ಲು ಒಡೆದೀತೆಂದು ಅಷ್ಟಾಗಿ ಹೆದರುವುದಿಲ್ಲ. ಕಲ್ಲಿಗೂ ಗಾರೆಗೂ ನಡುವೆ, ಕಟ್ಟಡಕ್ಕೂ ತಳದ ಬಂಡೆಗೂ ನಡುವೆ, ಒಂದು ಜಾತಿಯ ದ್ರವ್ಯ ಮುಗಿದು ಇನ್ನೊಂದು ಜಾತಿಯ ದ್ರವ್ಯ ಮೊದಲಾಗುವ ಗೆರೆಯಲ್ಲಿ ನೀರು ದಾರಿ ಹುಡುಕುತ್ತದೆಂಬುದೇ ಅವನ ಚಿಂತೆ. ಹುಳುಕು ಹಲ್ಲನ್ನು ಕೊರೆದು ತುಂಬುವ ವೈದ್ಯನ ಚಿಂತೆಯೂ ಇದೇ. ಹಲ್ಲಿನಲ್ಲಿ ತುಂಬಿದ ವಸ್ತು ಒಡೆಯುವುದಕ್ಕಿಂತ ಮೊದಲು ಅದರ ಅಂಚು ಸಡಿಲುತ್ತದೆ. ಸಡಿಲಿದ ಅಂಚಿನಲ್ಲಿ ಎಂಜಲು ಜಿನುಗುತ್ತದೆ. ಎಂಜಲಿನೊಡನೆ ಸೂಕ್ಷ್ಮಜೀವಿಗಳು ಇಳಿಯುತ್ತವೆ. ತುಂಬಿದುದರ ಅಡಿಯಲ್ಲಿಯೇ ಹಲ್ಲು ಮತ್ತೆ ಹುಳುಕುತ್ತದೆ.

ಭೋರ್ ಎಂಬ ಹೆಸರಿಗೂ ಭಾರತದ ದಂತವೈದ್ಯದ ಇತಿಹಾಸಕ್ಕೂ ಒಂದು ಸಂಬಂಧ ಉಂಟೆಂದು ತೋರುವುದುಂಟು. ಅದನ್ನು ಆರಂಭದಲ್ಲಿಯೇ ಬಿಡಿಸಿಡುವುದು ಒಳಿತು. ದೇಶದ ಆರೋಗ್ಯವ್ಯವಸ್ಥೆಯನ್ನು ಪರಿಶೀಲಿಸಲು ೧೯೪೩ರಲ್ಲಿ ನೇಮಕಗೊಂಡು ೧೯೪೬ರಲ್ಲಿ ವರದಿಯೊಪ್ಪಿಸಿದ ಸಮಿತಿಯನ್ನು 'ಭೋರ್ ಸಮಿತಿ' ಎಂದು ಕರೆಯುವುದು ವಾಡಿಕೆ. ಆ ಹೆಸರು ಬಂದುದು ಊರಿನಿಂದಲ್ಲ, ಅಧ್ಯಕ್ಷರಾಗಿದ್ದ ಸರ್ ಜೋಸೆಫ್ ಭೋರ್ ಅವರಿಂದ. ಅವರು ಹುಟ್ಟಿದ್ದು ನಾಸಿಕದಲ್ಲಿ, ೧೮೭೮ರಲ್ಲಿ. ಓದಿದ್ದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ. ಮುಂದೆ ಕೊಚ್ಚಿಯ ದಿವಾನರೂ ವೈಸರಾಯನ ಕಾರ್ಯಕಾರಿ ಮಂಡಲದ ಸದಸ್ಯರೂ ಆದರು. ಊರು ಬೇರೆ, ವ್ಯಕ್ತಿ ಬೇರೆ. ಆದರೂ ಪುಣೆಯ ಆ ಕಾಲೇಜು ಈ ಕಥೆಯಲ್ಲಿ ಮತ್ತೊಮ್ಮೆ ಬರುವುದಿದೆ.

ಭೋರಿನ ಮರಾಠಿ ಒಕ್ಕಲಿಗನು ಹಲ್ಲಿಗೆ 'ಕೀಡ' ಹತ್ತಿತೆನ್ನುತ್ತಾನೆ. ಕನ್ನಡಿಗನು ಹಲ್ಲು 'ಹುಳುಕಾಯಿತು' ಎನ್ನುತ್ತಾನೆ. ಎರಡು ಮಾತಿನಲ್ಲಿಯೂ ಇರುವುದು ಹುಳುವೇ. ಸುಶ್ರುತನು ದಂತರೋಗಗಳಲ್ಲಿ 'ಕೃಮಿದಂತಕ'ವನ್ನು ಎಣಿಸಿದ್ದಾನೆ. ಬಾಬಿಲೋನಿಯದವರು ಹಲ್ಲಿನ ಹುಳುವಿಗೆ ಮಂತ್ರ ಹಾಕಿದರು. ಯೂರೋಪಿನಲ್ಲಿಯೂ ಈ ನಂಬಿಕೆ ಗಟ್ಟಿಯಾಗಿದ್ದು, ಪ್ಯಾರಿಸಿನ ಪಿಯೆರ್ ಫೋಷಾರ್ ೧೭೨೮ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ಸೂಕ್ಷ್ಮದರ್ಶಕದಲ್ಲಿ ನೋಡಿಯೂ ಅಂತಹ ಹುಳು ತನಗೆ ಕಾಣಲಿಲ್ಲವೆಂದು ಹೇಳಬೇಕಾಯಿತು. ಬರ್ಲಿನ್ನಿನಲ್ಲಿ ಕೆಲಸ ಮಾಡಿದ ಅಮೇರಿಕದ ಡಬ್ಲ್ಯು. ಡಿ. ಮಿಲ್ಲರ್ ೧೮೯೦ರಲ್ಲಿ ಹೊಸ ವಿವರಣೆಯನ್ನು ಕೊಟ್ಟನು: ಬಾಯೊಳಗಿನ ಸೂಕ್ಷ್ಮಜೀವಿಗಳು ಪಿಷ್ಟ ಸಕ್ಕರೆಗಳನ್ನು ಹುಳಿಸಿ ಆಮ್ಲವನ್ನುಂಟುಮಾಡುತ್ತವೆ, ಆ ಆಮ್ಲ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ. ೧೯೨೪ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಆ ಜೀವಿಗಳಲ್ಲಿ ಮುಖ್ಯವಾದ ಒಂದನ್ನು ಬೇರ್ಪಡಿಸಿ 'ಸ್ಟ್ರೆಪ್ಟೊಕಾಕಸ್ ಮ್ಯುಟಾನ್ಸ್' ಎಂದು ಹೆಸರಿಟ್ಟನು. ಅದರ ಗಾತ್ರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಹಳೆಯ ಹುಳು ಹೋಗಿ ಅದಕ್ಕಿಂತ ಸಣ್ಣ ಹುಳು ಬಂದಿತೆಂದರೂ ಸಲ್ಲುತ್ತದೆ. ಜನಭಾಷೆ ಅಷ್ಟೇನೂ ತಪ್ಪಿರಲಿಲ್ಲ. ಪ್ರಕೃತ ವಿಷಯಕ್ಕೆ ಮುಖ್ಯವಾದುದು ಆ ಗಾತ್ರ. ಕಣ್ಣಿಗೆ ಒಂದಾಗಿ ಕಂಡ ಅಂಚು ಅಂತಹ ಜೀವಿಗೆ ಹೆಬ್ಬಾಗಿಲಾಗಿರಬಹುದು.

ಹಲ್ಲು ಕೊರೆಯುವ ವಿದ್ಯೆ ಅತ್ಯಂತ ಪ್ರಾಚೀನವಾದುದು. ಬಲೂಚಿಸ್ತಾನದ ಮೆಹರ್‌ಗಢದ ನವಶಿಲಾಯುಗದ ಸ್ಮಶಾನದಲ್ಲಿ ದೊರೆತ ಒಂಬತ್ತು ವ್ಯಕ್ತಿಗಳ ಹನ್ನೊಂದು ಹಲ್ಲುಗಳಲ್ಲಿ ಕೊರೆದ ರಂಧ್ರಗಳಿವೆಯೆಂದು ೨೦೦೬ರಲ್ಲಿ ಪ್ರಕಟವಾಯಿತು. ಅವುಗಳ ಕಾಲ ಇಂದಿಗೆ ೭,೫೦೦ರಿಂದ ೯,೦೦೦ ವರ್ಷಗಳ ಹಿಂದೆ. ಮಣಿಗಳಿಗೆ ರಂಧ್ರ ಕೊರೆಯುವ ಚಕಮಕಿ ಕಲ್ಲಿನ ಮೊನೆಗಳೇ ಈ ಕೆಲಸಕ್ಕೂ ಒದಗಿದವೆಂದು ಸಂಶೋಧಕರ ಅಭಿಪ್ರಾಯ. ಕೊರೆದುದು ಕಂಡಿದೆ, ತುಂಬಿದುದು ಕಂಡಿಲ್ಲ. ತುಂಬಿದುದಕ್ಕೆ ಸಾಕ್ಷ್ಯ ಈಗಿನ ಸ್ಲೊವೇನಿಯದ ಲೊಂಚೆ ಎಂಬಲ್ಲಿನ ಗುಹೆಯಲ್ಲಿ ಸಿಕ್ಕಿದ, ಸುಮಾರು ೬,೫೦೦ ವರ್ಷ ಹಳೆಯದಾದ ಒಂದು ದವಡೆ. ಅದರ ಕೋರೆಹಲ್ಲಿನ ಬಿರುಕಿನಲ್ಲಿ ಜೇನುಮೇಣ ತುಂಬಿದೆಯೆಂದು ೨೦೧೨ರಲ್ಲಿ ಗೊತ್ತಾಯಿತು. ಮೇಣವನ್ನು ಬದುಕಿದ್ದಾಗ ತುಂಬಿದರೋ, ಸತ್ತ ಮೇಲೆ ತುಂಬಿದರೋ ಎಂಬ ಸಂದೇಹವನ್ನು ಅದನ್ನು ಪ್ರಕಟಿಸಿದವರೇ ಉಳಿಸಿದ್ದಾರೆ. ಪುಣೆ ಜಿಲ್ಲೆಯಲ್ಲಿಯೇ, ಘೋಡ್ ನದಿಯ ದಂಡೆಯ ಇನಾಮಗಾಂವದಲ್ಲಿ, ೧೯೬೮ರಿಂದ ೧೯೮೩ರವರೆಗೆ ಡೆಕ್ಕನ್ ಕಾಲೇಜಿನವರು ನಡೆಸಿದ ಉತ್ಖನನದಲ್ಲಿ ತಾಮ್ರಶಿಲಾಯುಗದ ರೈತರ ಅಸ್ಥಿಗಳು ದೊರೆತವು. ಲೂಕಾಕ್ಸ್ ಮತ್ತು ವಾಳಿಂಬೆ ಅವರು ೧೯೮೬ರಲ್ಲಿ ಪ್ರಕಟಿಸಿದ ಅವುಗಳ ಅಧ್ಯಯನದಲ್ಲಿ ಹುಳುಕಿನ ಗುರುತುಗಳಿಗೂ, ಬಾಲ್ಯದಲ್ಲಿ ದಂತಕವಚ ಸರಿಯಾಗಿ ಬೆಳೆಯದ ಗುರುತುಗಳಿಗೂ ಪ್ರಮುಖ ಸ್ಥಾನವಿದೆ. ಭೋರ್ ಮಹಾಶಯರು ವಿದ್ಯಾರ್ಥಿಯಾಗಿದ್ದ ಕಾಲೇಜು ೧೯೩೪ರಲ್ಲಿ ಮುಚ್ಚಿ, ೧೯೩೯ರಲ್ಲಿ ಸಂಶೋಧನ ಸಂಸ್ಥೆಯಾಗಿ ಮರಳಿ ತೆರೆಯದಿದ್ದರೆ ದಖ್ಖನಿನ ಆದಿ ಕೃಷಿಕರ ಬಾಯಿಯ ಚರಿತ್ರೆ ಮಣ್ಣಿನಲ್ಲಿಯೇ ಉಳಿಯುತ್ತಿತ್ತೇನೋ.

ಲೊಂಚೆಯ ಮೇಣ ಭಾರತೀಯ ವೈದ್ಯಗ್ರಂಥಗಳನ್ನು ಬಲ್ಲವರಿಗೆ ಅಪರಿಚಿತವಲ್ಲ. ವಾಗ್ಭಟನ 'ಅಷ್ಟಾಂಗಹೃದಯ'ದ ಉತ್ತರಸ್ಥಾನದಲ್ಲಿ ಕೃಮಿದಂತಕ್ಕೆ ಹೇಳಿರುವ ಚಿಕಿತ್ಸೆಗಳಲ್ಲಿ, ಹಲ್ಲಿನ ಪೊಟರೆಯನ್ನು ಬೆಲ್ಲದಿಂದಾಗಲಿ ಮೇಣದಿಂದಾಗಲಿ ತುಂಬಿ ಸುಡುವುದೂ ಒಂದು. ಬೆಲ್ಲವನ್ನು ಕೇಳಿ ಇಂದಿನ ದಂತವೈದ್ಯರು ಹೌಹಾರಬಹುದು. ಆದರೆ ಅಲ್ಲಿ ಉದ್ದೇಶ ಸಿಹಿಯಲ್ಲ. ಕಾಯಿಸಿದರೆ ಹರಿದು ಪೊಟರೆಯ ಮೂಲೆಮೂಲೆಗೂ ಇಳಿಯುವ, ಆರಿದರೆ ಗಟ್ಟಿಯಾಗುವ ದ್ರವ್ಯ ಬೇಕಾಗಿತ್ತು. ದ್ರವವಾಗಿ ಹೋಗಿ ಘನವಾಗಿ ನಿಲ್ಲಬೇಕು ಎಂಬ ಈ ಬೇಡಿಕೆ ಇಂದಿಗೂ ಬದಲಾಗಿಲ್ಲ. ಹಾಗೆ ಘನವಾಗುವಾಗ ದ್ರವ್ಯ ಕುಗ್ಗುತ್ತದೆ ಎಂಬ ತೊಡಕೂ ಬದಲಾಗಿಲ್ಲ.

ವಾಗ್ಭಟನು ಮೇಣಕ್ಕೆ ಬಳಸಿದ ಸಂಸ್ಕೃತ ಶಬ್ದ 'ಮಧೂಚ್ಛಿಷ್ಟ'. ಈ ಶಬ್ದ ಕರ್ನಾಟಕದ ಇತಿಹಾಸದಲ್ಲಿ ಇನ್ನೊಂದು ಕಡೆ ಪ್ರಸಿದ್ಧವಾಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಎರಡನೆಯ ಪಾದದಲ್ಲಿ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ'ಯಲ್ಲಿ ಲೋಹದ ಪ್ರತಿಮೆಗಳನ್ನು ಎರಕ ಹೊಯ್ಯುವ ಮಧೂಚ್ಛಿಷ್ಟ ವಿಧಾನದ ವರ್ಣನೆ ಬರುತ್ತದೆ. ಮೊದಲು ಮೇಣದಲ್ಲಿ ಪ್ರತಿಮೆಯನ್ನು ಮಾಡಬೇಕು. ಸಂಸ್ಕರಿಸಿ ನುಣ್ಣಗೆ ಅರೆದ ಮಣ್ಣನ್ನು ಪದರ ಪದರವಾಗಿ ಅದರ ಮೇಲೆ ಲೇಪಿಸಿ ನೆರಳಿನಲ್ಲಿ ಒಣಗಿಸಬೇಕು. ಕಾಯಿಸಿ ಮೇಣವನ್ನು ಹೊರಹರಿಸಬೇಕು. ಬರಿದಾದ ಅಚ್ಚಿಗೆ ಕರಗಿದ ಲೋಹವನ್ನು ಹೊಯ್ಯಬೇಕು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು, ಆ ತೂಕಕ್ಕೆ ಯಾವ ಯಾವ ಲೋಹ ಎಷ್ಟೆಷ್ಟು ಮಡಿ ಬೇಕೆಂಬ ಲೆಕ್ಕವನ್ನೂ ದೊರೆ ಕೊಟ್ಟಿದ್ದಾನೆ. ಮೊದಲ ಲೇಪ ಏಕೆ ತೆಳುವಾಗಿಯೂ ನವುರಾಗಿಯೂ ಇರಬೇಕೆಂಬುದನ್ನು ಎರಕದ ಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ. ಮೇಣದ ಮೇಲಿನ ಪ್ರತಿಯೊಂದು ಗೆರೆಯೂ ಲೋಹದ ಮೇಲೆ ಬರುವುದು ಆ ಲೇಪದಿಂದಲೇ.

ಇದು ವಿಷಯಾಂತರವೆಂದು ಓದುಗರು ಭಾವಿಸಬಾರದು. ೧೯೦೭ರಲ್ಲಿ ಅಮೇರಿಕದ ಇಲಿನಾಯ್ ಸಂಸ್ಥಾನದ ಫ್ರೀಪೋರ್ಟ್ ಎಂಬ ಸಣ್ಣ ಊರಿನ ದಂತವೈದ್ಯ ವಿಲಿಯಂ ಟ್ಯಾಗರ್ಟ್ ನ್ಯೂಯಾರ್ಕಿನ ವೈದ್ಯರ ಮುಂದೆ ಒಂದು ಹೊಸ ಪದ್ಧತಿಯನ್ನಿಟ್ಟನು. ಹಲ್ಲಿನ ಪೊಟರೆಯ ಆಕಾರವನ್ನು ಮೇಣದಲ್ಲಿ ತೆಗೆದುಕೊಂಡು, ಅದನ್ನು ಅಚ್ಚಿನ ದ್ರವ್ಯದಲ್ಲಿ ಹೂತು, ಮೇಣವನ್ನು ಸುಟ್ಟು ಕಳೆದು, ಕರಗಿದ ಚಿನ್ನವನ್ನು ಒತ್ತಡದಿಂದ ಅಲ್ಲಿ ತುಂಬಿ, ಹೀಗೆ ಸಿದ್ಧವಾದ ಚಿನ್ನದ ತುಣುಕನ್ನು ಹಲ್ಲಿನಲ್ಲಿ ಕೂರಿಸಿ ಸಿಮೆಂಟಿನಿಂದ ಅಂಟಿಸುವುದೇ ಆ ಪದ್ಧತಿ. ಪೇಟೆಂಟಿನ ವ್ಯಾಜ್ಯ ನ್ಯಾಯಾಲಯಕ್ಕೆ ಹೋದಾಗ, ಅಯೋವ ಸಂಸ್ಥಾನದ ಫಿಲ್‌ಬ್ರುಕ್ ಎಂಬಾತನು ಹತ್ತು ವರ್ಷ ಮೊದಲೇ ಇಂತಹ ವಿಧಾನವನ್ನು ವರ್ಣಿಸಿದ್ದನೆಂಬುದು ಹೊರಬಂದಿತು. ಸೋಮೇಶ್ವರನ ಗ್ರಂಥ ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಅಚ್ಚಾಗತೊಡಗಿದುದು ೧೯೨೫ರಲ್ಲಿ. ಅಷ್ಟರಲ್ಲಿ ಆ ವ್ಯಾಜ್ಯ ಮುಗಿದಿತ್ತು. ಟ್ಯಾಗರ್ಟನು ಕಲ್ಯಾಣದ ದೊರೆಯಿಂದ ಕಲಿತನೆಂದು ಹೇಳುವುದು ಹಾಸ್ಯಾಸ್ಪದವಾದೀತು. ಮೇಣದ ಎರಕ ಅನೇಕ ನಾಗರಿಕತೆಗಳ ಸೊತ್ತು. ಆದರೆ ಬಾಯಿಯ ಹೊರಗೆ ಸಿದ್ಧಪಡಿಸಿ ಒಳಗೆ ಕೂರಿಸುವ ಇಂದಿನ ಪರೋಕ್ಷ ಪದ್ಧತಿಯ ವಂಶವೃಕ್ಷ ವಿಗ್ರಹದ ಕಮ್ಮಟಕ್ಕೆ ಹೋಗಿ ಮುಟ್ಟುತ್ತದೆಂಬುದರಲ್ಲಿ ಸಂದೇಹವಿಲ್ಲ.

ನೇರವಾಗಿ ಪೊಟರೆಯಲ್ಲಿಯೇ ತುಂಬಿ ಗಟ್ಟಿಯಾಗಿಸುವ ಪದ್ಧತಿಗೆ ಬೇರೊಂದು ವಂಶವಿದೆ. ಚೀನದ ಟಾಂಗ್ ದೊರೆಗಳ ಕಾಲದಲ್ಲಿ, ಕ್ರಿ.ಶ. ೬೫೯ರ ಔಷಧಗ್ರಂಥವೊಂದರಲ್ಲಿ, ಬೆಳ್ಳಿ ತವರಗಳನ್ನು ಪಾದರಸದೊಡನೆ ಕಲಸಿದ 'ಬೆಳ್ಳಿಯ ಲೇಪ' ಕಾಣಸಿಗುತ್ತದೆ. ಯೂರೋಪಿನಲ್ಲಿ ಪ್ಯಾರಿಸಿನ ತಾವೋ ೧೮೨೬ರಲ್ಲಿ ಅಂತಹದನ್ನೇ ಬಳಕೆಗೆ ತಂದನು. ೧೮೩೩ರಲ್ಲಿ ಕ್ರಾಕೂರ್ ಸಹೋದರರು ಅದನ್ನು ಆಡಂಬರದ ಹೆಸರಿನಿಂದ ನ್ಯೂಯಾರ್ಕಿನಲ್ಲಿ ಮಾರಹೊರಟಾಗ ಅಲ್ಲಿನ ವೈದ್ಯರು ಸಿಡಿದೆದ್ದರು. ಪಾದರಸವನ್ನು ಮುಟ್ಟುವುದಿಲ್ಲವೆಂದು ೧೮೪೫ರಲ್ಲಿ ಸದಸ್ಯರಿಂದ ಪ್ರತಿಜ್ಞೆ ಮಾಡಿಸಿದ ವೈದ್ಯಸಂಘವು ಹನ್ನೊಂದೇ ವರ್ಷಗಳಲ್ಲಿ ವಿಸರ್ಜನೆಗೊಂಡಿತು. ಜಿ. ವಿ. ಬ್ಲ್ಯಾಕ್ ೧೮೯೫ರ ಸುಮಾರಿಗೆ ಲೋಹಗಳ ಪ್ರಮಾಣವನ್ನು ಶಾಸ್ತ್ರೀಯವಾಗಿ ನಿಗದಿಮಾಡಿದ ಮೇಲೆ ಅಮಾಲ್ಗಮ್ ಬಡವರ ಹಲ್ಲಿಗೂ ಎಟಕುವ ಸಾಧನವಾಗಿ ಒಂದು ಶತಮಾನ ಆಳಿತು.

ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ. ಪೊಟರೆಯ ಬಾಯಿ ಕಿರಿದಾಗಿ ತಳ ಅಗಲವಾಗಿರುವಂತೆ ಕೊರೆದುದರಿಂದ ಅದು ಬೀಳದೆ ನಿಲ್ಲುತ್ತದೆ. ತುಂಬಿದ ಹೊಸತರಲ್ಲಿ ಅದರ ಅಂಚಿನಲ್ಲಿ ಜಿನುಗು ಇದ್ದೇ ಇರುತ್ತದೆ. ಕಾಲ ಕಳೆದಂತೆ ಲೋಹ ಕಿಲುಬುತ್ತದೆ, ಆ ಕಿಲುಬೇ ಸಂದಿಯಲ್ಲಿ ಸೇರಿಕೊಂಡು ದಾರಿಯನ್ನು ಮುಚ್ಚುತ್ತದೆ. ತನ್ನ ದೋಷದಿಂದಲೇ ತನ್ನ ಕೊರತೆಯನ್ನು ತುಂಬಿಕೊಳ್ಳುವ ಇಂತಹ ದ್ರವ್ಯ ವೈದ್ಯಶಾಸ್ತ್ರದಲ್ಲಿ ಅಪರೂಪ. ಅಮಾಲ್ಗಮ್ಮಿನ ದೀರ್ಘಾಯುಸ್ಸಿನ ಗುಟ್ಟುಗಳಲ್ಲಿ ಇದೂ ಒಂದು. ಅದರ ಬಣ್ಣವನ್ನೂ ಪಾದರಸವನ್ನೂ ಹಳಿಯುವವರು ಈ ಗುಣವನ್ನು ನೆನೆಯುವುದು ಕಡಿಮೆ.

ಹಲ್ಲಿನ ಬಣ್ಣದ ದ್ರವ್ಯಗಳಿಗೆ ಇಂತಹ ಭಾಗ್ಯವಿರಲಿಲ್ಲ. ಇಪ್ಪತ್ತನೆಯ ಶತಮಾನದ ಆದಿಯ ಸಿಲಿಕೇಟ್ ಸಿಮೆಂಟು ಬಾಯಿಯಲ್ಲಿ ಕರಗುತ್ತಿತ್ತು. ಎರಡನೆಯ ಮಹಾಯುದ್ಧದ ಸುಮಾರಿಗೆ ಬಂದ ಅಕ್ರಿಲಿಕ್ ರಾಳವು ಕರಗಲಿಲ್ಲ. ಆದರೆ ಗಟ್ಟಿಯಾಗುವಾಗ ಬಹಳವಾಗಿ ಕುಗ್ಗಿತು. ಅಷ್ಟೇ ಅಲ್ಲದೆ ಬಿಸಿಗೆ ಅದು ಹಿಗ್ಗುವ ಪ್ರಮಾಣ ಹಲ್ಲಿನದಕ್ಕಿಂತ ಏಳೆಂಟು ಮಡಿ ಹೆಚ್ಚು. ಬಿಸಿ ಕಾಫಿ ಕುಡಿದಾಗ ಹಿಗ್ಗಿ, ತಣ್ಣೀರು ಕುಡಿದಾಗ ಕುಗ್ಗಿ, ಅದು ಅಂಚಿನಲ್ಲಿ ದ್ರವವನ್ನು ಹೀರಿ ಉಗುಳುವ ಪಂಪಿನಂತಾಯಿತು. ನೆಲ್ಸನ್, ವುಲ್ಕಾಟ್, ಪಾಫನ್‌ಬಾರ್ಗರ್ ಎಂಬ ಅಮೇರಿಕದ ಮೂವರು ೧೯೫೨ರಲ್ಲಿ ಈ ಹೀರಿ ಉಗುಳುವಿಕೆಯನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ತುಂಬಿದ ಹಲ್ಲನ್ನು ತಣ್ಣಗೆ ಮಾಡಿ, ಬೆರಳಿನಲ್ಲಿ ಹಿಡಿದು ಬೆಚ್ಚಗಾಗಿಸಿದರೆ ಅಂಚಿನಲ್ಲಿ ಹನಿಗಳು ಒಸರುವುದು ಕಣ್ಣಿಗೇ ಕಾಣುತ್ತಿತ್ತು. ದಂತವೈದ್ಯದಲ್ಲಿ ಅಂಚಿನ ಪ್ರಶ್ನೆ ವಿಜ್ಞಾನದ ಪ್ರಶ್ನೆಯಾದುದು ಇಲ್ಲಿಂದ ಎನ್ನಬಹುದು.

ಉತ್ತರ ಬಂದುದು ಬಣ್ಣ ಬಳಿಯುವವರ ಕೈಚಳಕದಿಂದ. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಅದನ್ನು ಮೊದಲು ಫಾಸ್ಫಾರಿಕ್ ಆಮ್ಲದಿಂದ ಸಂಸ್ಕರಿಸುವುದನ್ನು ಬಲ್ಲ ಮೈಕೆಲ್ ಬ್ಯುವೊನೊಕೋರ್ ಎಂಬ ರಾಚೆಸ್ಟರಿನ ಸಂಶೋಧಕನು, ಅದೇ ಆಮ್ಲವನ್ನು ಶೇಕಡ ೮೫ರ ಪ್ರಮಾಣದಲ್ಲಿ ದಂತಕವಚದ ಮೇಲೆ ಅರ್ಧ ನಿಮಿಷ ಇಟ್ಟು ತೊಳೆದು, ಅದರ ಮೇಲೆ ಅಕ್ರಿಲಿಕ್ಕನ್ನು ಇಟ್ಟನು. ಆಮ್ಲವು ಕವಚದ ಮೈಯನ್ನು ಸೂಕ್ಷ್ಮವಾಗಿ ತಿಂದು ತರಿತರಿಯಾಗಿಸಿತ್ತು. ರಾಳ ಆ ತರಿಗಳಲ್ಲಿ ಬೇರಿಳಿಸಿ ಹಿಡಿದುಕೊಂಡಿತು. ಗೋಡೆಗೆ ಗಾರೆ ಹಿಡಿಯಲೆಂದು ಕಲ್ಲಿನ ಮೈಗೆ ಕಚ್ಚು ಹೊಡೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ೧೯೫೫ರಲ್ಲಿ ಪ್ರಕಟವಾದ ಈ ನಾಲ್ಕೈದು ಪುಟಗಳ ಲೇಖನವನ್ನು ಕೆಲವು ಕಾಲ ಯಾರೂ ಲಕ್ಷಿಸಲಿಲ್ಲ. ೧೯೬೨ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ರಫೇಲ್ ಬೋವೆನ್ನನಿಗೆ ಒಂದು ಹೊಸ ರಾಳದ ಪೇಟೆಂಟು ದೊರೆಯಿತು. ಅದರ ಅಣು ದೊಡ್ಡದು. ಆದುದರಿಂದ ಕುಗ್ಗುವುದು ಕಡಿಮೆ. ಅದರಲ್ಲಿ ಸಿಲಿಕದ ಹುಡಿಯನ್ನು ತುಂಬಿ, ಹುಡಿ ರಾಳಕ್ಕೆ ಅಂಟುವಂತೆ ಸಿಲೇನಿನ ಲೇಪವನ್ನು ಕೊಡಲಾಗಿತ್ತು. ಇದೇ 'ಕಾಂಪೋಸಿಟ್'. ರಾಳ ಸುಣ್ಣದಂತೆ, ಹುಡಿ ಮರಳಿನಂತೆ. ಎರಡೂ ಸೇರಿ ಗಾರೆ. ಮರಳು ಹೆಚ್ಚಾದಷ್ಟೂ ಗಾರೆ ಬಿರಿಯುವುದು ಕಡಿಮೆಯೆಂಬ ಮೇಸ್ತ್ರಿಯ ಅನುಭವ ಇಲ್ಲಿಯೂ ಸತ್ಯವಾಯಿತು.

ಆದರೂ ಕುಗ್ಗುವಿಕೆ ಪೂರ್ಣವಾಗಿ ಹೋಗಲಿಲ್ಲ. ಇಂದಿನ ಕಾಂಪೋಸಿಟ್ ಗಟ್ಟಿಯಾಗುವಾಗ ಸಾಮಾನ್ಯವಾಗಿ ಗಾತ್ರದಲ್ಲಿ ಶೇಕಡ ಎರಡು ಮೂರರಷ್ಟು ಕಿರಿದಾಗುತ್ತದೆ. ಹಲ್ಲಿನ ಗೋಡೆಗೆ ಅಂಟಿಕೊಂಡೇ ಕಿರಿದಾಗಬೇಕಾದುದರಿಂದ ಅದು ಗೋಡೆಯನ್ನು ಎಳೆಯುತ್ತದೆ; ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಬಿಟ್ಟುಕೊಳ್ಳುತ್ತದೆ. ೧೯೮೭ರಲ್ಲಿ ಆಮ್ಸ್‌ಟರ್‌ಡ್ಯಾಮಿನ ಫೈಲ್ಜರ್, ಡಿ ಗೀ, ಡೇವಿಡ್ಸನ್ ಅವರು ಪೊಟರೆಯ ಆಕಾರವೇ ಈ ಎಳೆತವನ್ನು ನಿರ್ಧರಿಸುತ್ತದೆಂದು ತೋರಿಸಿದರು: ಅಂಟಿದ ಮುಖಗಳು ಹೆಚ್ಚಾಗಿ ತೆರೆದ ಮುಖಗಳು ಕಡಿಮೆಯಾದಷ್ಟೂ ಎಳೆತ ಬಲವಾಗುತ್ತದೆ. ಆಳವಾದ ಪೆಟ್ಟಿಗೆಯಂತಹ ಪೊಟರೆಯೇ ಇದಕ್ಕೆ ಅತಿ ಕೆಟ್ಟ ಜಾಗ. ಹಲ್ಲಿನ ಮೇಲ್ಭಾಗದಲ್ಲಿ ದಂತಕವಚ ದಪ್ಪವಾಗಿರುವುದರಿಂದ ಅಲ್ಲಿ ಅಂಚು ಗಟ್ಟಿ. ಎರಡು ಹಲ್ಲುಗಳ ನಡುವೆ ವಸಡಿನತ್ತ ಇಳಿದಂತೆ ಕವಚ ತೆಳುವಾಗಿ ಕೊನೆಗೆ ಮುಗಿದೇಹೋಗುತ್ತದೆ. ಆಮೇಲೆ ಸಿಗುವುದು ಡೆಂಟಿನ್. ಅದು ಸಜೀವ, ಸದಾ ತೇವ, ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ ಕೊಳವೆಗಳುಳ್ಳದ್ದು. ಜಪಾನಿನ ಫುಸಯಾಮ ೧೯೭೯ರಲ್ಲಿ ಡೆಂಟಿನ್ನಿಗೂ ಆಮ್ಲವನ್ನು ಹಾಕುವ ಧೈರ್ಯ ಮಾಡಿದನು. ರಾಳವು ಡೆಂಟಿನ್ನಿನ ನಾರುಗಳೊಳಗೆ ಇಳಿದು ಹೆಣೆದುಕೊಂಡು ಒಂದು ಮಿಶ್ರಪದರವಾಗುತ್ತದೆಂದು ೧೯೮೨ರಲ್ಲಿ ನಕಬಯಾಶಿ ತೋರಿಸಿದನು. ಈ ಹೆಣಿಗೆ ಹೊಸದರಲ್ಲಿ ಬಲವಾಗಿದ್ದು ವರ್ಷಗಳು ಕಳೆದಂತೆ ಸವೆಯುತ್ತದೆ. ಡೆಂಟಿನ್ನಿನಲ್ಲಿಯೇ ಇರುವ ಕಿಣ್ವಗಳು ನಾರುಗಳನ್ನು ತಿನ್ನುತ್ತವೆಂದು ೨೦೦೪ರಲ್ಲಿ ಪ್ಯಾಶ್ಲಿ ಮತ್ತು ಸಂಗಡಿಗರು ಬರೆದರು. ಅಣೆಕಟ್ಟೆಗೆ ಹೋಲಿಸುವುದಾದರೆ ಕಟ್ಟಡ ಬಂಡೆಯನ್ನು ಬಿಟ್ಟು ಒದ್ದೆ ಮಣ್ಣಿನ ಮೇಲೆ ಕುಳಿತಂತೆ.

ಪರೋಕ್ಷ ಪದ್ಧತಿಯವರ ವಾದ ಹುಟ್ಟುವುದು ಇಲ್ಲಿ. ಕುಗ್ಗುವುದು ಅನಿವಾರ್ಯವಾದರೆ ಅದು ಬಾಯಿಯ ಹೊರಗೆ ಕುಗ್ಗಲಿ ಎಂಬುದು ಅವರ ತರ್ಕ. ಪೊಟರೆಯ ಅಚ್ಚು ತೆಗೆದು, ಮಾದರಿಯ ಮೇಲೆ ಕಾಂಪೋಸಿಟ್ಟನ್ನು ತುಂಬಿ, ಬೆಳಕು, ಶಾಖ, ಒತ್ತಡಗಳಿಂದ ಚೆನ್ನಾಗಿ ಬೇಯಿಸಿ, ಕುಗ್ಗಬೇಕಾದಷ್ಟನ್ನು ಕುಗ್ಗಿಸಿ, ಅನಂತರ ಹಲ್ಲಿನಲ್ಲಿ ಕೂರಿಸಿ ರಾಳದ ಸಿಮೆಂಟಿನಿಂದ ಅಂಟಿಸುವುದು. ೧೯೮೦ರ ದಶಕದಲ್ಲಿ ಇದು ಬಳಕೆಗೆ ಬಂದಿತು. ೧೯೮೫ರಲ್ಲಿ ಜೂರಿಕ್ಕಿನ ಮೋರ್ಮನ್ ಮತ್ತು ಬ್ರಾಂಡೆಸ್ಟಿನಿ ಅವರು ಗಣಕಯಂತ್ರದಿಂದ ಕೊರೆದ ತುಣುಕನ್ನು ಒಂದೇ ಭೇಟಿಯಲ್ಲಿ ಕೂರಿಸಿ ಮೇಣವನ್ನೂ ಅಚ್ಚನ್ನೂ ಅನಗತ್ಯವಾಗಿಸಿದರು. ಆದರೆ ಟ್ಯಾಗರ್ಟನ ಚಿನ್ನಕ್ಕೆ ಇದ್ದ ತೊಡಕೇ ಇಲ್ಲಿಯೂ ಬೇರೆ ರೂಪದಲ್ಲಿ ಬರುತ್ತದೆ. ಕುಗ್ಗುವ ದ್ರವ್ಯ ಸಿಮೆಂಟಿನ ತೆಳುಪದರದಷ್ಟೇ ಉಳಿಯಿತೆಂಬುದು ನಿಜ. ಸಂದಿ ಮಾತ್ರ ಒಂದಿದ್ದುದು ಎರಡಾಯಿತು. ಹಲ್ಲಿಗೂ ಸಿಮೆಂಟಿಗೂ ಒಂದು, ಸಿಮೆಂಟಿಗೂ ತುಣುಕಿಗೂ ಒಂದು. ಚೆನ್ನಾಗಿ ಬೆಂದ ಕಾಂಪೋಸಿಟ್ಟಿಗೆ ಹೊಸ ರಾಳ ಅಂಟುವುದು ಕಷ್ಟ. ಅದರ ಮೈಯನ್ನು ಮರಳಿನ ಧಾರೆಯಿಂದ ತರಿಗೊಳಿಸಿ ಸಿಲೇನ್ ಬಳಿಯಬೇಕಾಗುತ್ತದೆ. ಎರಡು ಭೇಟಿಗಳ ನಡುವೆ ತೆರೆದ ಡೆಂಟಿನ್ ತಾತ್ಕಾಲಿಕ ಸಿಮೆಂಟಿನಿಂದ ಮೈಲಿಗೆಯಾಗುತ್ತದೆ. ಕೊರೆದ ಕೂಡಲೇ ಡೆಂಟಿನ್ನಿಗೆ ಬಂಧಕ ರಾಳದ ಲೇಪ ಕೊಟ್ಟು, ಆಮೇಲೆ ಅಚ್ಚು ತೆಗೆಯಬೇಕೆಂಬ ಸಲಹೆ ೧೯೯೨ರಿಂದ ಕೇಳಿಬರತೊಡಗಿ, ೨೦೦೫ರಲ್ಲಿ ಮಾನ್ಯೆ ಅವರ ಬರಹದ ಮೂಲಕ ಪ್ರಸಿದ್ಧವಾಯಿತು.

ಯಾವ ಪದ್ಧತಿ ಹಲ್ಲನ್ನು ಹೆಚ್ಚು ಭದ್ರವಾಗಿ ಮುಚ್ಚುತ್ತದೆಂಬುದನ್ನು ಅಳೆಯುವ ಪ್ರಯೋಗ ಲೋಕದಾದ್ಯಂತ ಹೆಚ್ಚುಕಡಿಮೆ ಒಂದೇ ಬಗೆಯಾಗಿದೆ. ಭಾರತದ ದಂತವೈದ್ಯ ಕಾಲೇಜುಗಳಲ್ಲಿಯೂ ಸ್ನಾತಕೋತ್ತರ ಪ್ರಬಂಧಗಳಿಗೆ ಇದು ಮೆಚ್ಚಿನ ವಸ್ತು. ಕಿತ್ತ ಹಲ್ಲುಗಳನ್ನು ಕೊರೆದು ಅರ್ಧಕ್ಕೆ ನೇರವಾಗಿಯೂ ಅರ್ಧಕ್ಕೆ ಪರೋಕ್ಷವಾಗಿಯೂ ತುಂಬುತ್ತಾರೆ. ೫ ಮತ್ತು ೫೫ ಡಿಗ್ರಿ ಉಷ್ಣತೆಯ ನೀರಿನ ತೊಟ್ಟಿಗಳಲ್ಲಿ ನೂರಾರು ಸಲ ಅದ್ದಿ ತೆಗೆಯುತ್ತಾರೆ. ಮೆಥಿಲೀನ್ ನೀಲಿಯಂತಹ ಬಣ್ಣದಲ್ಲಿ ಮುಳುಗಿಸಿಟ್ಟು, ಸೀಳಿ, ಬಣ್ಣ ಅಂಚಿನಿಂದ ಎಷ್ಟು ಆಳ ಇಳಿದಿದೆಯೆಂದು ಅಂಕ ಕೊಡುತ್ತಾರೆ. ಇಂತಹ ಪ್ರಯೋಗಗಳ ಒಟ್ಟು ಒಲವು ಹೀಗಿದೆ: ದಂತಕವಚದಲ್ಲಿರುವ ಅಂಚಿನಲ್ಲಿ ಎರಡು ಪದ್ಧತಿಗಳಿಗೂ ಹೇಳಿಕೊಳ್ಳುವಂತಹ ಅಂತರವಿಲ್ಲ, ವಸಡಿನತ್ತ ಡೆಂಟಿನ್ನಿಗೆ ಇಳಿದ ಅಂಚಿನಲ್ಲಿ ಪರೋಕ್ಷ ತುಣುಕುಗಳು ಬಹುಮಟ್ಟಿಗೆ ಕಡಿಮೆ ಜಿನುಗುತ್ತವೆ, ಪೂರ್ಣವಾಗಿ ಜಿನುಗದಿರುವುದು ಯಾವುದೂ ಇಲ್ಲ.

ಇಷ್ಟರಿಂದಲೇ ಪರೋಕ್ಷ ಪದ್ಧತಿ ಗೆದ್ದಿತೆಂದು ಸಾರುವುದು ಅವಸರವಾದೀತು. ಕಿತ್ತ ಹಲ್ಲಿಗೆ ರಕ್ತವಿಲ್ಲ, ಎಂಜಲಿಲ್ಲ, ಅಗಿಯುವ ಒಡೆಯನಿಲ್ಲ. ಬಣ್ಣದ ಅಣು ಹೋಗುವ ದಾರಿಯಲ್ಲಿ ಸೂಕ್ಷ್ಮಜೀವಿ ಹೋಗಲಾರದೆ ಇರಬಹುದು. ಪ್ರಯೋಗಶಾಲೆಯಲ್ಲಿ ಕಂಡ ಅಂಚಿನ ಗುಣಕ್ಕೂ ಬಾಯಿಯಲ್ಲಿ ಕಂಡ ಫಲಕ್ಕೂ ದೃಢವಾದ ಸಂಬಂಧ ದೊರೆಯುವುದಿಲ್ಲವೆಂದು ಹೈನ್ಟ್ಸೆ ೨೦೦೭ರಲ್ಲಿ ಅನೇಕ ಅಧ್ಯಯನಗಳನ್ನು ಒರೆಗೆ ಹಚ್ಚಿ ಹೇಳಿದ್ದಾನೆ; ಬಣ್ಣದ ಪರೀಕ್ಷೆಯನ್ನೇ ನಂಬಿ ಪದವಿ ಪಡೆದ ಎಷ್ಟೋ ಪ್ರಬಂಧಗಳಿಗೆ ಇದು ಅಪ್ರಿಯವಾದ ಮಾತು. ರೋಗಿಗಳ ಬಾಯಿಯಲ್ಲಿಯೇ ನಡೆದ ದೀರ್ಘ ಪರೀಕ್ಷೆಗಳಲ್ಲಿ, ಉದಾಹರಣೆಗೆ ಡೆನ್ಮಾರ್ಕಿನ ಪಾಲೆಸೆನ್ ಮತ್ತು ಕ್ವಿಸ್ಟ್ ೨೦೦೩ರಲ್ಲಿ ಪ್ರಕಟಿಸಿದ ೧೧ ವರ್ಷಗಳ ಪರೀಕ್ಷೆಯಲ್ಲಿ, ನೇರವಾಗಿ ತುಂಬಿದವುಗಳಿಗೂ ಪರೋಕ್ಷವಾಗಿ ಕೂರಿಸಿದವುಗಳಿಗೂ ಬಾಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪರೋಕ್ಷ ಪದ್ಧತಿಗೆ ಪ್ರಯೋಗಾಲಯ ಬೇಕು, ಕುಶಲ ತಂತ್ರಜ್ಞ ಬೇಕು, ಸಾಮಾನ್ಯವಾಗಿ ಎರಡು ಭೇಟಿ ಬೇಕು, ಹಣವೂ ಹೆಚ್ಚು ಬೇಕು. ದೊಡ್ಡ ಪೊಟರೆ, ಮುರಿದ ಮೂಲೆ, ಆಳಕ್ಕಿಳಿದ ಅಂಚು ಇರುವ ಕಡೆ ಅದರ ಬೆಲೆ ಸಾರ್ಥಕ. ಸಣ್ಣ ಪೊಟರೆಗೆ ಅದನ್ನು ಹೇಳುವ ವೈದ್ಯನು ಅಂಚಿಗಿಂತ ತನ್ನ ಬಾಡಿಗೆಯನ್ನು ಹೆಚ್ಚು ನೆನೆಯುತ್ತಿರುವನೆಂದು ಶಂಕಿಸಬೇಕಾಗುತ್ತದೆ.

ಭೋರ್ ಸಮಿತಿಯ ವರದಿ ಬಂದ ಕಾಲದಲ್ಲಿ ಈ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಡಾ. ರಫೀಉದ್ದೀನ್ ಅಹಮದರು ೧೯೨೦ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿಸಿದ ಕಾಲೇಜು, ೧೯೩೩ರಲ್ಲಿ ಮುಂಬಯಿಯಲ್ಲಿ ಆರಂಭವಾದ ನಾಯರ್ ಆಸ್ಪತ್ರೆಯ ಕಾಲೇಜು ಮೊದಲಾದ ಕೆಲವೇ ಸಂಸ್ಥೆಗಳಿದ್ದವು. ಹಳ್ಳಿಯ ಹುಳುಕು ಹಲ್ಲಿಗೆ ಇದ್ದುದು ಇಕ್ಕಳವೊಂದೇ. ವರದಿಯ ಎರಡು ವರ್ಷಗಳ ತರುವಾಯ, ೧೯೪೮ರಲ್ಲಿ, ದಂತವೈದ್ಯರ ಶಾಸನ ಬಂದಿತು. ಭೋರ್ ಸಂಸ್ಥಾನ ಅಳಿದ ವರ್ಷವೂ 'ಭೋರ್' ವರದಿಯ ಬೆನ್ನಿಗೆ ಈ ಶಾಸನ ಬಂದ ವರ್ಷವೂ ಒಂದೇ ಆದುದು ಕಾಕತಾಳೀಯ. ಕನ್ನಡನಾಡಿನಲ್ಲಿ ಬೆಂಗಳೂರಿನ ಸರಕಾರಿ ಕಾಲೇಜು ೧೯೫೮ರಲ್ಲಿಯೂ ಮಣಿಪಾಲದ ಕಾಲೇಜು ೧೯೬೫ರಲ್ಲಿಯೂ ಹುಟ್ಟಿದವು. ಮಣಿಪಾಲದ್ದು ದೇಶದಲ್ಲಿ ಖಾಸಗಿಯವರು ಕಟ್ಟಿದ ಕಾಲೇಜುಗಳಿಗೆ ಮೊದಲ ಮೇಲ್ಪಂಕ್ತಿ. ಇಂದು ದೇಶದಲ್ಲಿ ಮುನ್ನೂರಕ್ಕೂ ಮಿಕ್ಕಿ ದಂತವೈದ್ಯ ಕಾಲೇಜುಗಳಿವೆ. ಹಳೆಯ ಶಾಸನದ ಸ್ಥಾನಕ್ಕೆಂದು ರಾಷ್ಟ್ರೀಯ ದಂತ ಆಯೋಗದ ಶಾಸನ ೨೦೨೩ರಲ್ಲಿ ಅಂಗೀಕೃತವಾಯಿತು. ಪದವೀಧರರು ನಗರಗಳಲ್ಲಿ ಒತ್ತೊತ್ತಾಗಿ ಕುಳಿತಿದ್ದಾರೆ. ಘಟ್ಟದ ಸೆರಗಿನ ತಾಲೂಕುಗಳ ರೋಗಿಗೆ ಎರಡನೆಯ ಭೇಟಿಯೆಂದರೆ ಇನ್ನೊಂದು ದಿನದ ಕೂಲಿಯ ನಷ್ಟ.

ಇತ್ತ ಅಮಾಲ್ಗಮ್ಮಿನ ಆಶ್ರಯವೂ ತಪ್ಪುತ್ತಿದೆ. ಪಾದರಸದ ಬಳಕೆಯನ್ನು ತಗ್ಗಿಸಲು ೨೦೧೩ರಲ್ಲಿ ಏರ್ಪಟ್ಟ ಮಿನಮಾಟ ಒಪ್ಪಂದವನ್ನು ಭಾರತ ೨೦೧೮ರಲ್ಲಿ ಅನುಮೋದಿಸಿತು. ಯೂರೋಪಿನ ಒಕ್ಕೂಟದಲ್ಲಿ ೨೦೨೫ರ ಜನವರಿಯಿಂದ ಅದರ ಬಳಕೆ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭಗಳನ್ನು ಬಿಟ್ಟರೆ, ನಿಷಿದ್ಧವಾಗಿದೆ. ತನ್ನ ಕಿಲುಬಿನಿಂದ ತನ್ನ ಅಂಚನ್ನು ಮುಚ್ಚಿಕೊಳ್ಳುತ್ತಿದ್ದ ದ್ರವ್ಯ ಹೋದ ಮೇಲೆ ಆ ಕೆಲಸ ವೈದ್ಯನ ಕೈಯ ಎಚ್ಚರಿಕೆಯ ಮೇಲೆ ಬೀಳುತ್ತದೆ. ರಬ್ಬರಿನ ಹಾಳೆಯಿಂದ ಎಂಜಲನ್ನು ತಡೆದು, ಎರಡು ಮಿಲಿಮೀಟರಿನ ಪದರಗಳಾಗಿ ಕಾಂಪೋಸಿಟ್ಟನ್ನು ತುಂಬಿ ಒಂದೊಂದಕ್ಕೂ ಸಾಕಷ್ಟು ಬೆಳಕು ಕೊಡುವ ತಾಳ್ಮೆ ಇಲ್ಲದಿದ್ದರೆ ನೇರ ಪದ್ಧತಿ ಬಲುಬೇಗ ಸೋಲುತ್ತದೆ.

ಈ ಎರಡು ಪದ್ಧತಿಗಳ ಚರ್ಚೆಯಲ್ಲಿ ಮರೆತುಹೋಗುವ ಮೂರನೆಯ ದ್ರವ್ಯವೊಂದಿದೆ. ಲಂಡನ್ನಿನ ಸರಕಾರಿ ರಸಾಯನಶಾಲೆಯಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿ ೧೯೭೨ರಲ್ಲಿ ಪ್ರಕಟಿಸಿದ ಗ್ಲಾಸ್ ಅಯೊನೊಮರ್ ಸಿಮೆಂಟು ಹಲ್ಲಿನ ಸುಣ್ಣದೊಡನೆ ರಾಸಾಯನಿಕವಾಗಿ ತಾನಾಗಿಯೇ ಬಂಧಿಸಿಕೊಳ್ಳುತ್ತದೆ. ಬಿಸಿಗೆ ಹಿಗ್ಗುವುದರಲ್ಲಿ ಹಲ್ಲಿಗೆ ಹತ್ತಿರ. ತೇವಕ್ಕೆ ರಾಳದಷ್ಟು ಅಂಜುವುದಿಲ್ಲ. ಅಗಿಯುವ ಭಾರವನ್ನು ತಾಳುವ ಶಕ್ತಿ ಮಾತ್ರ ಅದಕ್ಕೆ ಕಡಿಮೆ. ಆದುದರಿಂದ ವಸಡಿನ ಬಳಿಯ ತಳದಲ್ಲಿ ಇದನ್ನಿಟ್ಟು ಮೇಲೆ ಕಾಂಪೋಸಿಟ್ ತುಂಬುವ ಪದ್ಧತಿ ೧೯೮೦ರ ದಶಕದಲ್ಲಿ ರೂಢಿಗೆ ಬಂದಿತು. ಅದೇ ದಶಕದಲ್ಲಿ ಟಾಂಜಾನಿಯದಲ್ಲಿ ಫ್ರೆಂಕನ್ ಮತ್ತು ಅವನ ಸಂಗಡಿಗರು ವಿದ್ಯುತ್ತೂ ಕೊರೆಯುವ ಯಂತ್ರವೂ ಇಲ್ಲದೆ, ಕೈಯ ಉಳಿಗಳಿಂದಲೇ ಹುಳುಕನ್ನು ಕೆರೆದು ಈ ಸಿಮೆಂಟಿನಿಂದ ತುಂಬತೊಡಗಿದರು. ೧೯೯೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಕ್ರಮಕ್ಕೆ ಮನ್ನಣೆ ಕೊಟ್ಟಿತು. ಶಾಲೆಯ ಜಗಲಿಯಲ್ಲಿ, ಒಂದೇ ಭೇಟಿಯಲ್ಲಿ, ಬೆಂಚಿನ ಮೇಲೆ ಮಲಗಿದ ಮಗುವಿನ ಹಲ್ಲಿಗೆ ಅದನ್ನು ತುಂಬಬಹುದು.